ಬೀಳೋದನ್ನೇ ಮೊದಲು ಕಲಿಸಿದೆ

ನಾನು ಕೊನೆಗೌಡ, ಅಂದರೆ ಮರ ಹತ್ತಿ ಅಡಿಕೆ ಕೊನೆ ಕೊಯ್ಯುತ್ತಿದ್ದವನು. ಅಡಿಕೆ ಮರದಿಂದ ಬಿದ್ದು ಹನ್ನೊಂದು ವರ್ಷ ಆಯ್ತು, ಬೆನ್ನುಮೂಳೆಯ ಟಿ-12 ಹತ್ತಿರ ಬೆನ್ನುಹುರಿಗೆ ಪೆಟ್ಟು, ಕಾಲಿಗೆ ಬಲವಿಲ್ಲ. ಈಗ ಶಿರಸಿ, ಸಿದ್ದಾಪುರದ ಕಡೆ ನನ್ನ ಹಾಗೆ ಬಿದ್ದವರಿಗೆ ವೀಲ್‌ಚೇರ್ ಪಳಗಿಸುತ್ತೇನೆ. ನಮ್ಮಲ್ಲಿ ವೀಲಿ, ಅಂದರೆ ಮುಂದಿನ ಚಕ್ರ ಎತ್ತಿ ಹಿಂದಿನ ಎರಡರ ಮೇಲೆ ನಿಲ್ಲೋದು, ಬರದಿದ್ದರೆ ಮನೆಯೇ ಜೈಲು. ಮಳೆಗಾಲದಲ್ಲಿ ಅಂಗಳಕ್ಕೆ ಅಡಿಕೆ ಮರ ಸೀಳಿದ ದಬ್ಬೆ ಹಾಸಿರುತ್ತಾರಲ್ಲ, ಮುಂದಿನ ಚಿಕ್ಕ ಚಕ್ರ ಸೀದಾ ಆ ಸಂದಿಗೇ ಹೋಗಿ ಕೂರುತ್ತದೆ.

ಮೊದಲೆಲ್ಲ ನಾನೂ ಬ್ಯಾಲೆನ್ಸಿನಿಂದಲೇ ಶುರು ಮಾಡುತ್ತಿದ್ದೆ. ತಿಂಗಳಾದರೂ ಬರುತ್ತಿರಲಿಲ್ಲ, ಹಿಂದೆ ಬೀಳುವ ಹೆದರಿಕೆಗೆ ಹುಡುಗರು ಮುಂದಕ್ಕೇ ಬಾಗುತ್ತಿದ್ದರು. ಹಾಗಾದರೆ ಬೀಳೋದನ್ನೇ ಮೊದಲು ಕಲಿಸಿಬಿಡೋಣ ಅಂದೆ. ಗೊತ್ತಿದ್ದ ಫಿಸಿಯೋ ಒಬ್ಬರು ನಕ್ಕರು. ಕಲಿಯೋಕೆ ಬಂದ ಹುಡುಗನ ಅಮ್ಮ, "ಒಂದು ಸಲ ಬಿದ್ದಿದ್ದು ಸಾಲದಾ ತಮ್ಮಾ?" ಅಂದರು.

ಮೊದಲನೇ ದಿನವೇ ಎಡವಟ್ಟು. ಗದ್ದ ಎದೆಗೆ ಒತ್ತಿಕೋ, ಕೈ ಹಿಂದೆ ಊರಬೇಡ ಅಂತ ಹೇಳಿದ್ದೆ. ಮೊಣಕಾಲು ಮುಖಕ್ಕೆ ಬಾರದ ಹಾಗೆ ಒಂದು ಕೈಯನ್ನು ತೊಡೆ ಮೇಲೆ ಅಡ್ಡ ಹಿಡಿ ಅಂತ ಹೇಳೋದೇ ಮರೆತೆ. ಹುಡುಗ ಹಿಂದೆ ಹಾಸಿದ್ದ ಹಾಸಿಗೆ ಮೇಲೆ ಬಿದ್ದ, ಅವನದೇ ಮೊಣಕಾಲು ಬಂದು ಮೂಗಿಗೆ ಬಡಿದು ರಕ್ತ. ಇನ್ನೊಬ್ಬ ಹುರುಪಿನಲ್ಲಿ ಮೂರು ಗಂಟೆ ಸೀಟಿನಿಂದ ಭಾರ ಇಳಿಸಲೇ ಇಲ್ಲ, ನಾನೂ ನೆನಪಿಸಲಿಲ್ಲ. ಒತ್ತಡ ಬಿದ್ದು ಬಾಲಮೂಳೆ ಹತ್ತಿರ ಕೆಂಪಾಗಿ ಮೂರು ವಾರ ಬೋರಲು ಮಲಗಿದ. ಈಗ ಇಪ್ಪತ್ತು ನಿಮಿಷಕ್ಕೆ ಮೊಬೈಲ್ ಅಲಾರಂ, ಎರಡು ನಿಮಿಷ ಮುಂದೆ ಬಾಗಿ ಭಾರ ಇಳಿಸಲೇಬೇಕು.

ಆಮೇಲೆ ದಾರಿಗೆ ಬಂತು. ಗುಜರಿಯಿಂದ ಕಾರಿನ ಸೀಟ್‌ಬೆಲ್ಟ್ ತಂದೆ, ನೂರೋ ನೂರಿಪ್ಪತ್ತೋ. ಕುರ್ಚಿ ಹಿಂದಕ್ಕೆ ವಾಲಿದರೆ ಹಿಡಿಯಲಿ ಅಂತ ಅದನ್ನು ಕುರ್ಚಿಯ ಹಿಂದಿನ ಅಡ್ಡ ಪೈಪಿಗೆ ಕಟ್ಟಿ ಅಳಿಯನ ಕೈಗೆ ಕೊಟ್ಟೆ, ಕುರ್ಚಿಯಲ್ಲಿ ಕೂತ ನಾನು ಹಿಂದೆ ನಿಂತು ಹಿಡಿಯೋಕೆ ಆಗಲ್ಲ ಅಲ್ವಾ. ಮಡಚುವ ಆಸ್ಪತ್ರೆ ಕುರ್ಚಿಯ ದೊಡ್ಡ ಚಕ್ರದ ಆಕ್ಸಲ್ ತೀರಾ ಹಿಂದೆ ಇರುತ್ತದೆ, ಮೂತಿ ಏಳೋದೇ ಕಷ್ಟ. ವೆಲ್ಡಿಂಗ್ ಅಂಗಡಿಯಲ್ಲಿ ತೂತಿನ ಪ್ಲೇಟ್ ಹಾಕಿಸಿ ಮುಂದೆ ತಂದೆ, ಆರುನೂರು ರೂಪಾಯಿ. ಎಷ್ಟು ಮುಂದೆ ಅನ್ನೋದು ಆಳು ನೋಡಿ ಹೇಳುತ್ತೇನೆ, ಇಲ್ಲಿ ಬರೆಯಲ್ಲ.

ನಡುವೆ ಹುಚ್ಚಾಟವೂ ಆಯ್ತು. ಕೆಸರಿಗೆ ಅಂತ ಟಯರಿಗೆ ತೆಂಗಿನ ಹಗ್ಗ ಸುತ್ತಿದೆ. ಏರು ಚೆನ್ನಾಗಿ ಹತ್ತಿತು, ಒಂದೇ ಸುತ್ತಿಗೆ ಅಂಗೈ ಕಿತ್ತುಬಂತು. ಮುಂದೆ ಇನ್ನೂ ದೊಡ್ಡ ಚಕ್ರ ಹಾಕಿಸಿದರೆ ತಿರುಗುವಾಗ ಕಾಲಿಗೇ ತಾಗಿತು. ಸಾವಿರದ ನಾನೂರು ನೀರಿಗೆ.

ಇಲ್ಲಿಯವರೆಗೆ ಹದಿನಾಲ್ಕೋ ಹದಿನೈದೋ ಜನ ಕಲಿತರು, ಹೆಚ್ಚಿನವರಿಗೆ ಎಂಟೊಂಬತ್ತು ದಿನ ಸಾಕಾಯ್ತು. ಮೂಗು ಒಡೆದುಕೊಂಡವನು ಮೊನ್ನೆ ಜಡಿಮಳೆಯಲ್ಲಿ ದಬ್ಬೆ ದಾಟಿ ಕೊಟ್ಟಿಗೆಗೆ ಹೋಗಿದ್ದನಂತೆ. ನಕ್ಕಿದ್ದ ಫಿಸಿಯೋ ಫೋನ್ ಮಾಡಿ ಬೆಲ್ಟ್ ಎಲ್ಲಿಗೆ ಕಟ್ಟೋದು ಅಂತ ಕೇಳಿದರು.