ಮಾಚು ಪಿಚುಗೆ ನಡೆದೇ ಹೋಗ್ತೀರಾ? ದುಡ್ಡು ಕಟ್ಟುವ ಮುಂಚೆ ಇಷ್ಟು ನೋಡಿಕೊಳ್ಳಿ

ಪೆರು ದೇಶದ ಕುಸ್ಕೋ ಊರಿನಿಂದ, ಇಂಕಾ ಜನ ಬೆಟ್ಟದ ಮೇಲೆ ಕಟ್ಟಿದ ಪಾಳು ಊರು ಮಾಚು ಪಿಚು ಕಡೆಗೆ ಹೋಗುವ ರೈಲು ಹಳಿಯ 82ನೇ ಕಿಲೋಮೀಟರ್ ಹತ್ತಿರ ಒಂದು ತೂಕದ ಯಂತ್ರ ಇದೆ. ಮಾಚು ಪಿಚುಗೆ ನಡೆದು ಹೋಗುವ ಇಂಕಾ ಟ್ರೇಲ್ ಶುರುವಾಗುವುದು ಅಲ್ಲಿಂದಲೇ. ತೂಗುವುದು ನಮ್ಮ ಬ್ಯಾಗನ್ನಲ್ಲ, ನಮ್ಮ ಸಾಮಾನು ಹೊರುವ ಪೋರ್ಟರ್‌ಗಳ ಮೂಟೆಯನ್ನು. ಟೆಂಟು, ಪಾತ್ರೆ, ಗ್ಯಾಸ್ ಸಿಲಿಂಡರ್, ಮೊಟ್ಟೆ, ನಮ್ಮ ಸ್ಲೀಪಿಂಗ್ ಬ್ಯಾಗು ಎಲ್ಲ ಸೇರಿ ಒಬ್ಬರ ಬೆನ್ನಿಗೆ 20 ಕೆಜಿ ದಾಟುವಂತಿಲ್ಲ. ಇದು ಅಲ್ಲಿನ ಕಾನೂನು.

ನಾನು ಹೋದ ದಿನ ಮುಂದಿದ್ದ ಗುಂಪಿನ ಒಬ್ಬರ ಮೂಟೆ ತೂಕ ಮೀರಿತು. ಗೈಡ್ ಬಂದು ಸಿಲಿಂಡರ್ ಬಿಚ್ಚಿ ಪಕ್ಕದವನ ಬೆನ್ನಿಗೆ ಕಟ್ಟಿದ. ಆ ಪಕ್ಕದವನ ಕಾಲಲ್ಲಿ ಹಳೇ ಟೈರಿನಿಂದ ಮಾಡಿದ ಚಪ್ಪಲಿ. ನನ್ನ ಕಾಲಲ್ಲಿ ಹದಿನೈದು ಸಾವಿರದ ಬೂಟು. ಮೂರು ವಾರ ಕೂತು ನಾನು ಕಂಪನಿಗಳ ವೆಬ್‌ಸೈಟಲ್ಲಿ ಓದಿದ್ದು ಊಟದ ಮೆನು ಮತ್ತು ಟೆಂಟಿನ ಫೋಟೋ. ಈ ಯಂತ್ರದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಕಂಪನಿ ಆರಿಸುವ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಅದಕ್ಕೂ ಮುಂಚೆ ತೀರ್ಮಾನ ಮಾಡಬೇಕಾದ್ದು ಬೇರೆ ಇದೆ.

ಮೊದಲು ತಿಂಗಳು ನೋಡಿ

ಆಂಡಿಸ್ ಬೆಟ್ಟಗಳ ಹವೆ ನಮ್ಮದಕ್ಕೆ ಉಲ್ಟಾ. ನಮ್ಮಲ್ಲಿ ಮಳೆ ಹಿಡಿದು ಕೂರುವ ಜೂನ್, ಜುಲೈನಲ್ಲಿ ಅಲ್ಲಿ ಒಣ ಬಿಸಿಲು. ಮೇಯಿಂದ ಸೆಪ್ಟೆಂಬರ್‌ವರೆಗೆ ನಡೆಯಲು ಒಳ್ಳೇ ಕಾಲ. ರಾತ್ರಿ ಮಾತ್ರ ನೀರು ಗಡ್ಡೆ ಕಟ್ಟುವಷ್ಟು ಚಳಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ. ಕ್ರಿಸ್‌ಮಸ್ ರಜೆಗೆ ಹೊರಡುವವರು ರೇನ್‌ಕೋಟ್ ಮರೆಯಬೇಡಿ. ಫೆಬ್ರುವರಿ ಪೂರ್ತಿ ಇಂಕಾ ಟ್ರೇಲ್ ಬಂದ್, ದಾರಿ ರಿಪೇರಿ ನಡೆಯುತ್ತದೆ. ಆಗಲೂ ಮಾಚು ಪಿಚು ತೆರೆದೇ ಇರುತ್ತದೆ, ರೈಲಿನಲ್ಲಿ ಹೋಗಬಹುದು. ನನ್ನನ್ನು ಕೇಳಿದರೆ ಮೇ ತಿಂಗಳು. ಮಳೆ ಮುಗಿದು ಬೆಟ್ಟ ಇನ್ನೂ ಹಸಿರಾಗಿರುತ್ತದೆ, ಜನಜಂಗುಳಿ ಶುರುವಾಗಿರುವುದಿಲ್ಲ.

ತಿಂಗಳು ಮೊದಲು ಅಂದಿದ್ದಕ್ಕೆ ಇನ್ನೊಂದು ಕಾರಣ ಪರ್ಮಿಟ್. ಇಂಕಾ ಟ್ರೇಲ್‌ಗೆ ದಿನಕ್ಕೆ 500 ಜನರಿಗಷ್ಟೇ ಪ್ರವೇಶ. ಆ ಲೆಕ್ಕದಲ್ಲಿ ಗೈಡ್, ಅಡುಗೆಯವರು, ಪೋರ್ಟರ್ ಎಲ್ಲ ಸೇರಿದ್ದಾರೆ. ಪ್ರವಾಸಿಗರ ಪಾಲಿಗೆ ಉಳಿಯುವುದು 200ರ ಆಸುಪಾಸು. ನಾವೇ ಆನ್‌ಲೈನಲ್ಲಿ ಪರ್ಮಿಟ್ ತೆಗೆದುಕೊಂಡು ಹೊರಡುವ ಹಾಗಿಲ್ಲ. ಪರವಾನಗಿ ಇರುವ ಕಂಪನಿಯ ಮೂಲಕವೇ ಹೋಗಬೇಕು, ಗೈಡ್ ಕಡ್ಡಾಯ. ಜೂನ್, ಜುಲೈಗೆ ಹೋಗುವುದಾದರೆ ಕಡಿಮೆ ಅಂದರೂ ಆರು ತಿಂಗಳ ಮುಂಚೆ ಬುಕ್ ಮಾಡಿ. ಎರಡು ತಿಂಗಳಿದೆ ಅನ್ನುವಾಗ ಯಾರಾದರೂ ‘ಸೀಟು ಇದೆ ಸಾರ್’ ಅಂದರೆ, ಯಾವ ದಾರಿ ಅಂತ ಬಿಡಿಸಿ ಕೇಳಿ. ಬೇರೆ ದಾರಿಯ ಟ್ರೆಕ್‌ಗೂ ಇಂಕಾ ಟ್ರೇಲ್ ಅನ್ನುವ ಹೆಸರು ಅಂಟಿಸಿ ಮಾರುವವರಿದ್ದಾರೆ.

ದಾರಿ ಒಂದೇ ಅಲ್ಲ

ಹೆಚ್ಚಿನವರ ಮನಸ್ಸಲ್ಲಿ ಇರುವುದು ನಾಲ್ಕು ದಿನದ ಕ್ಲಾಸಿಕ್ ಇಂಕಾ ಟ್ರೇಲ್. ಸುಮಾರು 43 ಕಿಲೋಮೀಟರ್. ಮೊದಲ ದಿನ ಸಲೀಸು. ಎರಡನೇ ದಿನವೇ ಪರೀಕ್ಷೆ. ಸುಮಾರು 3,000 ಮೀಟರ್ ಎತ್ತರದಿಂದ ಹೊರಟು 4,215 ಮೀಟರಿನ ಕಣಿವೆ ದಾರಿ ಹತ್ತಬೇಕು. ಅದರ ಹೆಸರು ವಾರ್ಮಿವನ್ಯುಸ್ಕಾ. ಅಲ್ಲಿನ ಕೆಚುವಾ ಭಾಷೆಯಲ್ಲಿ ‘ಸತ್ತ ಹೆಂಗಸು’ ಅಂತ ಅರ್ಥ. ಗಾಬರಿ ಬೇಡ. ದೂರದಿಂದ ನೋಡಿದರೆ ಬೆಟ್ಟದ ಸಾಲು ಮಲಗಿದ ಹೆಂಗಸಿನ ಹಾಗೆ ಕಾಣುತ್ತದೆ, ಅಷ್ಟೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಅದರ ಎರಡರಷ್ಟಕ್ಕಿಂತ ಜಾಸ್ತಿ ಇದು.

ಹತ್ತುವುದು ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ಇಳಿಯುವುದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಇಂಕಾ ಜನ ಹಾಸಿದ ಕಲ್ಲಿನ ಮೆಟ್ಟಿಲು ಒಂದೊಂದೂ ಒಂದೊಂದು ಎತ್ತರ. ಕೆಲವು ಕಡೆ ಮೊಣಕಾಲಿನ ಮಟ್ಟಕ್ಕೆ ಬರುತ್ತವೆ. ಗಂಟೆಗಟ್ಟಲೆ ಇಳಿದರೆ ಮಂಡಿ ಚಿಪ್ಪು ತಾನೇ ಮಾತಾಡುತ್ತದೆ. ಕೋಲು ಬೇಕೇ ಬೇಕು. ತುದಿಗೆ ರಬ್ಬರ್ ಹಾಕಿರಬೇಕು, ಬರೀ ಲೋಹದ ತುದಿಗೆ ಅನುಮತಿ ಇಲ್ಲ, ಕಲ್ಲು ಸವೆಯುತ್ತದೆ ಅಂತ.

ಇಷ್ಟೆಲ್ಲ ಕಷ್ಟ ಯಾಕೆ ಪಡಬೇಕು ಅಂದರೆ ಮೂರನೇ ದಿನಕ್ಕಾಗಿ. ರೈಲಲ್ಲಿ ಹೋದವರಿಗೆ ಮಾಚು ಪಿಚು ಒಂದೇ ಕಾಣುತ್ತದೆ. ನಡೆದವರಿಗೆ ಒಂದೇ ದಿನ ನಾಲ್ಕು ಪಾಳು ಊರು ಸಿಗುತ್ತವೆ: ಗುಂಡಗಿನ ರುಂಕುರಾಕಾಯ್, ಬಂಡೆಯ ತುದಿಗೆ ಅಂಟಿಕೊಂಡ ಸಾಯಕ್‌ಮಾರ್ಕಾ, ಮೋಡದ ಮೇಲಿನ ಊರು ಅನ್ನುವ ಅರ್ಥದ ಫುಯುಪಾತಾಮಾರ್ಕಾ, ಕೊನೆಗೆ ವಿನ್ಯಾಯ್ ವಾಯ್ನಾ. ಈ ಕೊನೆಯದರಲ್ಲಿ ಗುಡ್ಡದ ಮೈಗೆ ಬಳಸಿಕೊಂಡು ಮೆಟ್ಟಿಲು ಗದ್ದೆ, ನಡುವೆ ಸಾಲಾಗಿ ಸ್ನಾನದ ತೊಟ್ಟಿಗಳು. ಕಲ್ಲಿನ ಸಣ್ಣ ಕಾಲುವೆಯಿಂದ ನೀರು ಒಂದರಿಂದ ಒಂದಕ್ಕೆ ಇಳಿಯುತ್ತದೆ. ಸಂಜೆ ಬಿಸಿಲಲ್ಲಿ ಅಲ್ಲಿ ಕೂತು ಸುಮ್ನೆ ನೀರಿನ ಸದ್ದು ಕೇಳಿದ್ದು ನನಗೆ ಮಾಚು ಪಿಚುಗಿಂತ ಹೆಚ್ಚು ನೆನಪಿದೆ. ಇದನ್ನೆಲ್ಲ ಕಟ್ಟಿದ್ದು 15ನೇ ಶತಮಾನದಲ್ಲಿ, ಹೆಚ್ಚುಕಮ್ಮಿ ವಿಜಯನಗರದಲ್ಲಿ ಇಮ್ಮಡಿ ದೇವರಾಯ ಆಳುತ್ತಿದ್ದ ಕಾಲದ ಆಸುಪಾಸಿನಲ್ಲಿ. ಹಾಗಾಗಿ ಕಂಪನಿಯನ್ನು ಒಂದು ಮಾತು ಕೇಳಿ: ಮೂರನೇ ರಾತ್ರಿ ಟೆಂಟು ಎಲ್ಲಿ ಹಾಕುತ್ತೀರಿ? ವಿನ್ಯಾಯ್ ವಾಯ್ನಾದಲ್ಲೇ ಆದರೆ ಸಂಜೆ ನೋಡಲು ಸಮಯ ಸಿಗುತ್ತದೆ.

ನಾಲ್ಕು ದಿನ ಆಗಲ್ಲ ಅನ್ನುವವರಿಗೆ ಎರಡು ದಿನದ ದಾರಿ ಇದೆ. 104ನೇ ಕಿಲೋಮೀಟರಿನಲ್ಲಿ ರೈಲಿಳಿದು, ವಿನ್ಯಾಯ್ ವಾಯ್ನಾ ನೋಡಿಕೊಂಡು, ಇಂತಿ ಪುಂಕು ಅಂದರೆ ಸೂರ್ಯನ ಬಾಗಿಲಿನಿಂದ ಮಾಚು ಪಿಚುಗೆ ಇಳಿಯುವುದು. ರಾತ್ರಿ ಹೋಟೆಲಿನ ಹಾಸಿಗೆ. ಅಪ್ಪ ಅಮ್ಮನ ಜೊತೆ ಹೋಗುವವರಿಗೆ ಇದೇ ಸರಿ. ಇದಕ್ಕೂ ಪರ್ಮಿಟ್ ಬೇಕು.

ಪರ್ಮಿಟ್ ಸಿಗದಿದ್ದರೆ ಸಲ್ಕಂತಾಯ್. ಸಾಮಾನ್ಯವಾಗಿ ಐದು ದಿನ. ಹಿಮದ ಬೆಟ್ಟದ ಪಕ್ಕದಲ್ಲಿ 4,600 ಮೀಟರ್ ದಾಟಿ, ಆಮೇಲೆ ಕಾಫಿ ತೋಟಗಳ ನಡುವೆ ಇಳಿಯುತ್ತೀರಿ. ಚಿಕ್ಕಮಗಳೂರಿನವರಿಗೆ ಮನೆ ನೆನಪಾಗುತ್ತದೆ. ನೋಟದಲ್ಲಿ ಇದು ಇಂಕಾ ಟ್ರೇಲ್‌ಗಿಂತ ಒಂದು ಕೈ ಮೇಲೆ. ಆದರೆ ದಾರಿಯಲ್ಲಿ ಪಾಳು ಊರುಗಳು ಕಡಿಮೆ. ನಿಮಗೆ ಬೇಕಿರುವುದು ಬೆಟ್ಟವೋ ಇತಿಹಾಸವೋ ಅಂತ ಮೊದಲೇ ಯೋಚಿಸಿ. ಲಾರೆಸ್ ದಾರಿಯಲ್ಲಿ ನೇಯ್ಗೆಯವರ ಹಳ್ಳಿಗಳು ಸಿಗುತ್ತವೆ, ಜನರ ಜೊತೆ ಬೆರೆಯುವ ಆಸೆ ಇದ್ದವರಿಗೆ ಚೆನ್ನ.

ಇನ್ನು ಚೋಕೆಕಿರಾವ್, ಇದೂ ಇಂಕಾ ಜನರ ಪಾಳು ಊರು. ಮಾಚು ಪಿಚುವಿನ ಅಕ್ಕ ಅಂತ ಕರೆಯಬಹುದು, ಆದರೆ ಅಕ್ಕನ ಮನೆಗೆ ಹೋಗುವವರು ಕಡಿಮೆ. ರೈಲಿಲ್ಲ, ಬಸ್ಸಿಲ್ಲ. ಅಪುರಿಮಾಕ್ ನದಿಯ ಆಳದ ಕಣಿವೆಗೆ ಸುಮಾರು 1,500 ಮೀಟರ್ ಎತ್ತರದವರೆಗೆ ಇಳಿದು, ಮತ್ತೆ ಅಷ್ಟೇ ಹತ್ತಬೇಕು. ವಾಪಸ್ ಬರುವಾಗ ಅದೇ ಕಥೆ ಉಲ್ಟಾ. ಅಲ್ಲಿ ಮೆಟ್ಟಿಲು ಗದ್ದೆಯ ಗೋಡೆಯಲ್ಲಿ ಬಿಳಿ ಕಲ್ಲಿನಿಂದ ಲಾಮಾ ಅನ್ನುವ ಒಂಟೆ ಜಾತಿಯ ಪ್ರಾಣಿಗಳ ಚಿತ್ರ ಕೂರಿಸಿದ್ದಾರೆ. ಮೊದಲ ಟ್ರೆಕ್ಕಿಗೆ ಇದು ಬೇಡ. ಕುಮಾರ ಪರ್ವತ ಹತ್ತಿಳಿದ ಮರುದಿನ ಮತ್ತೆ ಹತ್ತುವ ಕಾಲು ನಿಮ್ಮದಾದರೆ ಹೋಗಿ ಬನ್ನಿ.

ಉಸಿರಿಗೆ ಎರಡು ದಿನ ಕೊಡಿ

ಪೆರುವಿನ ರಾಜಧಾನಿ ಲಿಮಾ ಸಮುದ್ರದ ದಂಡೆಯ ಊರು. ಅಲ್ಲಿಂದ ಒಂದೂಕಾಲು ಗಂಟೆ ವಿಮಾನದಲ್ಲಿ ಕುಸ್ಕೋಗೆ ಇಳಿದರೆ ನೇರ 3,400 ಮೀಟರ್. ಹೋಟೆಲಿನ ಒಂದು ಮಹಡಿ ಹತ್ತಿದರೆ ಸಾಕು, ಏದುಸಿರು. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಮಾಮೂಲು. ಜಿಮ್‌ಗೆ ಹೋಗುವವರು, ವಯಸ್ಸಾದವರು ಅನ್ನುವ ಭೇದ ಇದಕ್ಕಿಲ್ಲ. ಹಾಗಾಗಿ ಟ್ರೆಕ್ಕಿಗೆ ಮುಂಚೆ ಎರಡು ಮೂರು ದಿನ ಇಟ್ಟುಕೊಳ್ಳಲೇಬೇಕು. ಒಂದು ಉಪಾಯ: ವಿಮಾನ ಇಳಿದ ದಿನವೇ ಕುಸ್ಕೋದಲ್ಲಿ ಉಳಿಯದೆ 2,800 ಮೀಟರಿನ ಒಯಂತಾಯ್‌ತಾಂಬೊಗೆ ಇಳಿದುಬಿಡಿ. ಅಲ್ಲಿ ಎರಡು ರಾತ್ರಿ ಮಲಗಿ, ಕೋಟೆ ನೋಡಿ, ಆಮೇಲೆ ಮೇಲಕ್ಕೆ ಹೋಗಿ. ಇಳಿದ ಮರುದಿನ ಬೆಳಗ್ಗೆಯೇ ಟ್ರೆಕ್ ಶುರು ಅನ್ನುವ ಪ್ಯಾಕೇಜನ್ನು ಅಲ್ಲಿಗೇ ಮಡಚಿಡಿ. ಗುಳಿಗೆ ಬೇಕಾ ಬೇಡವಾ ಅನ್ನುವುದನ್ನು ಊರು ಬಿಡುವ ಮುಂಚೆ ನಿಮ್ಮ ಡಾಕ್ಟರನ್ನು ಕೇಳಿ, ಬಿಪಿ, ಶುಗರ್ ಇದ್ದವರಂತೂ ತಪ್ಪದೆ.

ಹೋಟೆಲಲ್ಲಿ ಕೋಕಾ ಎಲೆಯ ಚಹಾ ಕೊಡುತ್ತಾರೆ. ಕುಡಿಯಿರಿ, ಅಲ್ಲಿ ಅದು ನಮ್ಮ ಶುಂಠಿ ಕಷಾಯ ಇದ್ದ ಹಾಗೆ. ಆದರೆ ಪೊಟ್ಟಣ ಕಟ್ಟಿಸಿಕೊಂಡು ಊರಿಗೆ ತರಬೇಡಿ. ಭಾರತದಲ್ಲಿ ಕೋಕಾ ಎಲೆ ಮಾದಕ ವಸ್ತು ಕಾಯ್ದೆಗೆ ಬರುತ್ತದೆ.

ಕಾಗದಪತ್ರ ಸರಿ ಇರಲಿ

ಪರ್ಮಿಟ್ ನಿಮ್ಮ ಪಾಸ್‌ಪೋರ್ಟ್ ನಂಬರಿಗೆ ಕಟ್ಟಿಕೊಂಡಿರುತ್ತದೆ. ಇನ್ನೊಬ್ಬರಿಗೆ ವರ್ಗ ಆಗಲ್ಲ, ಹೋಗದಿದ್ದರೆ ದುಡ್ಡೂ ವಾಪಸ್ ಬರಲ್ಲ. ನಮ್ಮವರಿಗೆ ಇಲ್ಲೊಂದು ವಿಶೇಷ ತೊಂದರೆ ಇದೆ, ಇನಿಷಿಯಲ್. ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ ಇರುವವರು, ಅಪ್ಪನ ಹೆಸರೋ ಊರಿನ ಹೆಸರೋ ಬಿಡಿಸಿ ಬರೆಸಿದವರು ನಮ್ಮಲ್ಲಿ ಎಷ್ಟು ಜನ! ನಾನು ಬುಕ್ ಮಾಡಿಸಿದ ಏಜೆಂಟ್ ನನ್ನ ಅಪ್ಪನ ಹೆಸರನ್ನು ತಾನೇ ಎಲ್ಲಿಂದಲೋ ತಂದು ಸರ್‌ನೇಮ್ ಮಾಡಿಬಿಟ್ಟಿದ್ದ. ಸರಿ ಮಾಡಿಸಲು ಹನ್ನೊಂದು ಇಮೇಲ್ ಬೇಕಾಯಿತು. ಪಾಸ್‌ಪೋರ್ಟಿನ ಪುಟದ ಫೋಟೋ ಕಳಿಸಿ, ‘ಇದರಲ್ಲಿ ಇದ್ದ ಹಾಗೇ’ ಅನ್ನಿ. ನಡುವೆ ಪಾಸ್‌ಪೋರ್ಟ್ ರಿನ್ಯೂ ಆದರೆ ತಕ್ಷಣ ತಿಳಿಸಿ, ಹಳೆಯದನ್ನೂ ಜೊತೆಗಿಟ್ಟುಕೊಳ್ಳಿ.

ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಅಥವಾ ಷೆಂಗನ್ ವೀಸಾ ಕೈಯಲ್ಲಿ ಇರುವ ಭಾರತೀಯರಿಗೆ ಪೆರು ವೀಸಾ ನಿಯಮ ಸಡಿಲಿಸಿದೆ. ನಿಮ್ಮ ವೀಸಾದ ಅವಧಿ ಲೆಕ್ಕಕ್ಕೆ ಬರುತ್ತದಾ ಅಂತ ರಾಯಭಾರ ಕಚೇರಿಯಲ್ಲಿ ವಿಚಾರಿಸಿಯೇ ಟಿಕೆಟ್ ಮಾಡಿ. ಹೆಚ್ಚಿನವರು ಮರೆಯುವುದು ಹಳದಿ ಜ್ವರದ ಲಸಿಕೆ. ಪೆರುವಿನಿಂದ ವಾಪಸ್ ಬಂದಾಗ ನಮ್ಮ ವಿಮಾನ ನಿಲ್ದಾಣದಲ್ಲೇ ಅದರ ಸರ್ಟಿಫಿಕೇಟ್ ಕೇಳುತ್ತಾರೆ, ಇಲ್ಲದಿದ್ದರೆ ಕ್ವಾರಂಟೈನ್. ಚುಚ್ಚಿಸಿಕೊಂಡ ಹತ್ತು ದಿನದ ಮೇಲಷ್ಟೇ ಅದು ಊರ್ಜಿತ. ಕೊನೇ ವಾರಕ್ಕೆ ಬಿಡಬೇಡಿ.

ಟ್ರಾವೆಲ್ ಇನ್ಶೂರೆನ್ಸ್ ಮಾಡಿಸುವಾಗ ಎಷ್ಟು ಮೀಟರ್ ಎತ್ತರದವರೆಗೆ ಟ್ರೆಕ್ಕಿಂಗ್‌ಗೆ ಅನ್ವಯ ಅಂತ ನೋಡಿ. ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ.

ಈಗ ಕಂಪನಿ

ಬೆಂಗಳೂರಿನ ಏಜೆಂಟ್ ಆಗಲಿ ಅಮೆರಿಕದ ವೆಬ್‌ಸೈಟ್ ಆಗಲಿ, ಬೆಟ್ಟದಲ್ಲಿ ನಿಮ್ಮನ್ನು ನಡೆಸುವುದು ಸಾಮಾನ್ಯವಾಗಿ ಕುಸ್ಕೋದ ಯಾವುದೋ ಕಂಪನಿ. ಅದರ ಹೆಸರು ಕೇಳಿ ಪಡೆಯಿರಿ. ಅದಕ್ಕೆ ಪರವಾನಗಿ ಇದೆಯಾ ನೋಡಿ. ಹೆಸರು ಹೇಳಲು ಹಿಂದೆಮುಂದೆ ನೋಡಿದರೆ ಅಲ್ಲಿಗೆ ಬಿಡಿ.

ಮೂರು ನಾಲ್ಕು ಕಂಪನಿಗಳಿಗೆ ಒಂದೇ ಇಮೇಲ್ ಕಳಿಸಿ. ಗುಂಪಿನಲ್ಲಿ ಎಷ್ಟು ಜನ? 16ರವರೆಗೆ ಅವಕಾಶ ಇದೆ, ಎಂಟು ಮೀರಿದರೆ ಎರಡನೇ ಗೈಡ್ ಬೇಕು. ಗೈಡ್ ಹತ್ತಿರ ಆಕ್ಸಿಜನ್ ಸಿಲಿಂಡರ್ ಇರುತ್ತದಾ? ಒಬ್ಬರಿಗೆ ಹುಷಾರಿಲ್ಲದೆ ವಾಪಸ್ ಹೋಗಬೇಕಾದರೆ ಜೊತೆಗೆ ಯಾರು ಬರುತ್ತಾರೆ? ಮಾಚು ಪಿಚು ಒಳಗೆ ಯಾವ ಸರ್ಕಿಟ್ಟಿನ, ಅಂದರೆ ಯಾವ ನಿಗದಿತ ದಾರಿಯ ಟಿಕೆಟ್? ಈಗ ಅಲ್ಲಿ ಮನಸ್ಸು ಬಂದ ಕಡೆ ಅಡ್ಡಾಡುವಂತಿಲ್ಲ. ಸಲ್ಕಂತಾಯ್ ಆದರೆ ಈ ಟಿಕೆಟ್ ಬೆಲೆಯಲ್ಲಿ ಸೇರಿದೆಯಾ, ವಾಪಸ್ ರೈಲು ಸೇರಿದೆಯಾ?

ಸಸ್ಯಾಹಾರಿಗಳು ‘ವೆಜಿಟೇರಿಯನ್’ ಅಂತಷ್ಟೇ ಬರೆಯಬೇಡಿ. ಕೋಳಿ ಸಾರಿನಲ್ಲಿ ಬೇಯಿಸಿದ ತರಕಾರಿಯೂ ಕೆಲವರ ಲೆಕ್ಕದಲ್ಲಿ ವೆಜ್ಜೇ. ಮಾಂಸ, ಮೀನು, ಕೋಳಿ, ಅದರ ಸಾರು ಯಾವುದೂ ಬೇಡ, ಮೊಟ್ಟೆ ಬೇಕು ಅಥವಾ ಬೇಡ ಅಂತ ಬಿಡಿಸಿ ಬರೆಯಿರಿ. ಹಾಗೆ ಬರೆದರೆ ಊಟಕ್ಕೇನೂ ಕಷ್ಟ ಇಲ್ಲ. ಆಲೂಗಡ್ಡೆಯ ತವರೂರು ಅದು. ಕಿನ್ವಾ ಸೂಪು, ಜೋಳದ ತೆನೆ, ಅನ್ನ ಎಲ್ಲ ಸಿಗುತ್ತದೆ.

ಕೊನೆಗೆ ಆ ತೂಕದ ಪ್ರಶ್ನೆ. ಪೋರ್ಟರ್ ಒಬ್ಬರಿಗೆ ಎಷ್ಟು ಕೆಜಿ? ರಾತ್ರಿ ಅವರು ಮಲಗುವುದು ಎಲ್ಲಿ? ಅವರಿಗೆ ಸ್ಲೀಪಿಂಗ್ ಬ್ಯಾಗು, ಬೂಟು ಕೊಡುತ್ತೀರಾ? ಒಳ್ಳೇ ಕಂಪನಿಯವರು ಇದಕ್ಕೆ ಉದ್ದನೆ ಉತ್ತರ ಬರೆಯುತ್ತಾರೆ, ಹೆಮ್ಮೆಯಿಂದಲೇ. ನನಗೆ ಬಂದ ಒಂದು ಉತ್ತರ ಹೀಗಿತ್ತು: ‘ಅದರ ಚಿಂತೆ ನಿಮಗೆ ಬೇಡ.’ ಆ ಕಂಪನಿಯ ಬೆಲೆ ಎಲ್ಲಕ್ಕಿಂತ ಕಡಿಮೆ ಇತ್ತು. ಪರ್ಮಿಟ್, ಪ್ರವೇಶ ಟಿಕೆಟ್, ರೈಲು ಯಾವ ಕಂಪನಿಗೂ ಅಗ್ಗವಾಗಿ ಸಿಗುವುದಿಲ್ಲ. ಮತ್ತೆ ಬೆಲೆ ಇಳಿಯುವುದು ಎಲ್ಲಿಂದ? ಹೊರುವವರ ಕೂಲಿಯಿಂದ, ಊಟದಿಂದ, ಇಲ್ಲವೇ ಇಬ್ಬರ ಹೊರೆ ಒಬ್ಬರಿಗೆ ಹೇರುವುದರಿಂದ. ಅಲ್ಲಿ ಕತ್ತರಿ ಹಾಕುವವರು ನಿಮ್ಮ ಆಕ್ಸಿಜನ್ ಸಿಲಿಂಡರ್ ತುಂಬಿಸಿರುತ್ತಾರೆ ಅಂತ ನಂಬುವುದು ಹೇಗೆ?

ನಿಮ್ಮ ಪಾಲಿನ ಹೊರೆಗೂ ಮಿತಿ ಇದೆ. ಪೋರ್ಟರ್ ಹೊರುವ ನಿಮ್ಮ ಚೀಲಕ್ಕೆ ಸಾಮಾನ್ಯವಾಗಿ 7 ಕೆಜಿ. ಸ್ಲೀಪಿಂಗ್ ಬ್ಯಾಗು, ಚಾಪೆಯೇ 3 ಕೆಜಿ ತಿನ್ನುತ್ತವೆ. ಮೂರು ಜೀನ್ಸ್ ಬೇಡ. ಕೊನೆಯ ರಾತ್ರಿ ಎಲ್ಲರೂ ಸೇರಿ ಟಿಪ್ಸ್ ಕೊಡುವ ರೂಢಿ ಇದೆ. ಅದಕ್ಕೆ ಕುಸ್ಕೋದಲ್ಲೇ ಅಲ್ಲಿನ ಹಣವಾದ ಸೋಲ್‌ನಲ್ಲಿ 10, 20ರ ಚಿಲ್ಲರೆ ನೋಟು ಮಾಡಿಸಿಟ್ಟುಕೊಳ್ಳಿ. ಗೈಡ್ ಕೈಗೆ ಒಟ್ಟಿಗೆ ಕೊಡುವ ಬದಲು ಒಬ್ಬೊಬ್ಬರ ಕೈಗೇ ಕೊಡಿ. ಕೊಡುವಾಗ ‘ಸುಲ್ಪೈಕಿ’ ಅನ್ನಿ. ಕೆಚುವಾದಲ್ಲಿ ಥ್ಯಾಂಕ್ಸ್ ಅಂತ. ನಮ್ಮ ಅಡುಗೆಯವನು ನನ್ನ ಉಚ್ಚಾರಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕ, ಎರಡು ಸಲ ಸರಿಯಾಗಿ ಹೇಳಿಸಿ, ಆಮೇಲಷ್ಟೇ ನೋಟು ಜೇಬಿಗೆ ಹಾಕಿಕೊಂಡ.