ಎಲ್‌ಇಡಿ ಬೋರ್ಡ್‌ಗಳ ನಡುವಿನ ಕನೆಕ್ಟರ್: ನಾನು ಆರಿಸಿದ್ದು ಹೀಗೆ

ನಾನು ಮಾಡಿದ ಎಲ್‌ಇಡಿ ಪರದೆಯಲ್ಲಿ ಎಂಟು ಬೋರ್ಡ್‌ಗಳಿವೆ. ಒಂದೊಂದರಲ್ಲೂ 8×8, ಅಂದರೆ 64 ಡಬ್ಲ್ಯೂಎಸ್2812ಬಿ ಎಲ್‌ಇಡಿಗಳು (ಕೆಂಪು, ಹಸಿರು, ನೀಲಿ ಮೂರೂ ಒಂದರಲ್ಲೇ ಇರುವ, ಡೇಟಾವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವ ಜಾತಿ). ಅಡ್ಡಕ್ಕೆ ನಾಲ್ಕು ಬೋರ್ಡ್, ಎತ್ತರಕ್ಕೆ ಎರಡು. ಸರ್ಕ್ಯೂಟ್ ಸುಲಭವಾಗಿತ್ತು, ಪ್ರೋಗ್ರಾಂ ಕೂಡ ಕಷ್ಟವಾಗಲಿಲ್ಲ. ನನಗೆ ಜಾಸ್ತಿ ಕೆಲಸ ಕೊಟ್ಟದ್ದು ಒಂದು ಬೋರ್ಡ್‌ನಿಂದ ಇನ್ನೊಂದಕ್ಕೆ ದಾಟುವ ಜಾಗ. ಅಲ್ಲಿ ಯಾವ ಕನೆಕ್ಟರ್ ಹಾಕಬೇಕು?

ಎಲ್ಲರಿಗೂ ಮೊದಲು ನೆನಪಾಗುವುದು ಪಿನ್ ಹೆಡರ್, ಅಂದರೆ 2.54 ಮಿ.ಮೀ. ಅಂತರದಲ್ಲಿರುವ ಪಿನ್‌ಗಳ ಸಾಲು. ಕೈಯಲ್ಲಿ ಇರುತ್ತದೆ, ಬ್ರೆಡ್‌ಬೋರ್ಡ್‌ಗೂ ಹೊಂದುತ್ತದೆ. ಒಂದು ಬೋರ್ಡ್‌ನ ಅಂಚಿಗೆ ಬಾಗಿದ ಗಂಡು ಹೆಡರ್, ಪಕ್ಕದ ಬೋರ್ಡ್‌ಗೆ ಬಾಗಿದ ಹೆಣ್ಣು ಹೆಡರ್. ಒತ್ತಿದರೆ ಎರಡೂ ಸೇರಿಕೊಳ್ಳುತ್ತವೆ. ನೋಡಲು ಚೆನ್ನಾಗಿರುತ್ತದೆ ನಿಜ. ಆದರೆ ಆ ಒಂದು ಹೆಡರ್‌ಗೆ ನಾವು ಮೂರು ಕೆಲಸ ಹೊರಿಸುತ್ತೇವೆ. ಅದು ಕರೆಂಟ್ ಸಾಗಿಸಬೇಕು, ಡೇಟಾ ದಾಟಿಸಬೇಕು, ಜೊತೆಗೆ ಎರಡು ಬೋರ್ಡ್‌ಗಳನ್ನು ನೇರವಾಗಿ ಹಿಡಿದು ನಿಲ್ಲಿಸಬೇಕು. ಈ ಮೂರನ್ನೂ ಬೇರೆ ಬೇರೆ ಮಾಡಿದ ಮೇಲೆಯೇ ನನ್ನ ಆಯ್ಕೆ ಸಲೀಸಾಯಿತು.

ಮೊದಲು ಕರೆಂಟ್ ಲೆಕ್ಕ. ಡಬ್ಲ್ಯೂಎಸ್2812ಬಿಯಲ್ಲಿ ಒಂದು ಬಣ್ಣಕ್ಕೆ ಸುಮಾರು 20 ಮಿಲಿ ಆಂಪಿಯರ್. ಮೂರೂ ಬಣ್ಣ ಪೂರ್ತಿ ಉರಿದರೆ 60. ಒಂದು ಬೋರ್ಡ್‌ಗೆ 64×60, ಅಂದರೆ 3.84 ಆಂಪಿಯರ್. ಎಂಟಕ್ಕೆ ಸುಮಾರು 30.7 ಆಂಪಿಯರ್. 5 ವೋಲ್ಟ್‌ನಲ್ಲಿ ಇದು 150 ವ್ಯಾಟ್‌ಗಿಂತ ಸ್ವಲ್ಪ ಮೇಲೆ.

ಈಗ ಬೋರ್ಡ್‌ನಿಂದ ಬೋರ್ಡ್‌ಗೆ ಪವರ್ ದಾಟಿಸುತ್ತೇವೆ ಅಂದುಕೊಳ್ಳಿ. ನಾಲ್ಕರ ಸಾಲಿನಲ್ಲಿ ಮೊದಲ ಬೋರ್ಡ್ ದಾಟಿದ ತಕ್ಷಣದ ಜೋಡಣೆಯಲ್ಲಿ ಮುಂದಿನ ಮೂರು ಬೋರ್ಡ್‌ಗಳ ಕರೆಂಟ್ ಹರಿಯುತ್ತದೆ. ಅದು 11.5 ಆಂಪಿಯರ್. ಸಾಮಾನ್ಯ ಪಿನ್ ಹೆಡರ್‌ನ ಒಂದು ಪಿನ್ ತಾಳುವುದು ಹೆಚ್ಚೆಂದರೆ 3 ಆಂಪಿಯರ್. ಹಾಗಾದರೆ ನಾಲ್ಕು ಪಿನ್ ಸೇರಿಸಿದರೆ 12 ಆಯಿತು, ಸಾಕು ಅಲ್ವಾ? ಸಾಲದು. ಕರೆಂಟ್ ನಾಲ್ಕು ಪಿನ್‌ಗಳಲ್ಲಿ ಸಮನಾಗಿ ಹಂಚಿಹೋಗುವುದಿಲ್ಲ. ಯಾವ ಪಿನ್‌ನಲ್ಲಿ ತಡೆ ಕಮ್ಮಿಯೋ ಅದರಲ್ಲಿ ಜಾಸ್ತಿ ಹರಿಯುತ್ತದೆ. ಡೇಟಾಶೀಟ್‌ನ 3 ಆಂಪಿಯರ್ ಕೂಡ ಪಕ್ಕಪಕ್ಕದ ಪಿನ್‌ಗಳೆಲ್ಲ ಬಿಸಿಯಾಗಿರುವಾಗಿನ ಲೆಕ್ಕ ಅಲ್ಲದೇ ಇರಬಹುದು. ಅದರ ಕೆಳಗಿರುವ ಸಣ್ಣಕ್ಷರ ಓದುವುದು ಒಳ್ಳೆಯದು.

ಬಿಸಿಯಾಗುವುದು ಒಂದು ಕಡೆ, ವೋಲ್ಟೇಜ್ ಇಳಿಯುವುದು ಇನ್ನೊಂದು ಕಡೆ. ಒಂದು ಸಂಪರ್ಕದ ತಡೆ 20 ಮಿಲಿಓಮ್ ಇದ್ದರೆ 3.84 ಆಂಪಿಯರ್‌ಗೆ 77 ಮಿಲಿವೋಲ್ಟ್ ಅಲ್ಲೇ ಹೋಯಿತು. ಪ್ಲಸ್‌ನಲ್ಲಿ ಒಂದು ಸಲ, ಗ್ರೌಂಡ್‌ನಲ್ಲಿ (ಅಂದರೆ ಮೈನಸ್‌ನಲ್ಲಿ) ಇನ್ನೊಂದು ಸಲ. ಇಂಥ ಜೋಡಣೆ ಒಂದಾದ ಮೇಲೊಂದು ಬಂದರೆ ಕೊನೆಯ ಬೋರ್ಡ್‌ಗೆ 5 ವೋಲ್ಟ್ ಎಲ್ಲಿ ಉಳಿಯುತ್ತದೆ? ಇದು ಕಣ್ಣಿಗೇ ಕಾಣುತ್ತದೆ. ನೀಲಿ, ಹಸಿರು ಎಲ್‌ಇಡಿಗಳಿಗೆ ಕೆಂಪಿಗಿಂತ ಜಾಸ್ತಿ ವೋಲ್ಟೇಜ್ ಬೇಕು. ಹಾಗಾಗಿ ಮೊದಲು ಮಂಕಾಗುವುದು ಅವೇ. ಬಿಳಿ ಬಣ್ಣ ಸಾಲಿನ ತುದಿಗೆ ಹೋಗುತ್ತಾ ಹಳದಿಗೆ, ಆಮೇಲೆ ಕೆಂಪಿಗೆ ತಿರುಗುತ್ತದೆ.

ಪ್ರೋಗ್ರಾಂನಲ್ಲೇ ಬೆಳಕು ಕಮ್ಮಿ ಮಾಡಿದರೆ ಆಯಿತಲ್ಲ ಅಂತ ಕೆಲವರು ಹೇಳುತ್ತಾರೆ. ಬೆಳಕನ್ನು ನಾನೂ ಕಮ್ಮಿಯೇ ಇಡುತ್ತೇನೆ, ಕಣ್ಣಿಗೆ ಅಷ್ಟು ಬೇಕಾಗಿಲ್ಲ. ಆದರೆ ಕನೆಕ್ಟರ್‌ನ ಸುರಕ್ಷತೆಯನ್ನು ಪ್ರೋಗ್ರಾಂನ ಒಂದು ಸಾಲಿನ ಮೇಲೆ ಬಿಡಬಾರದು. ಡೇಟಾ ಕೆಟ್ಟು ಎಲ್ಲಾ ಎಲ್‌ಇಡಿ ಬಿಳಿಯಾಗಿ ಉರಿದರೂ ಏನೂ ಸುಡಬಾರದು. ಆದ್ದರಿಂದ ಪೂರ್ತಿ ಬಿಳಿಯ ಲೆಕ್ಕ ಹಿಡಿದೇ ಆರಿಸಿದೆ.

ಪವರ್ ಬೋರ್ಡ್‌ನಿಂದ ಬೋರ್ಡ್‌ಗೆ ದಾಟುವುದೇ ಬೇಡ ಅಂತ ತೀರ್ಮಾನಿಸಿದೆ. ಪವರ್ ಸಪ್ಲೈಯಿಂದ ದಪ್ಪ ವೈರ್ ಒಂದು ಹಂಚುವ ಜಾಗಕ್ಕೆ ಬರುತ್ತದೆ. ಅಲ್ಲಿಂದ ಪ್ರತಿ ಬೋರ್ಡ್‌ಗೂ ಅದರದೇ ಎರಡು ವೈರ್, ಅದರದೇ 5 ಆಂಪಿಯರ್ ಫ್ಯೂಸ್. ಬೋರ್ಡ್ ಕಡೆ ಹಾಕಿದ್ದು ಜೆಎಸ್‌ಟಿ ಕಂಪನಿಯ ವಿಎಚ್ ಜಾತಿಯ ಎರಡು ಪಿನ್ ಕನೆಕ್ಟರ್. ಪಿನ್‌ಗಳ ನಡುವೆ 3.96 ಮಿ.ಮೀ. ಅಂತರ. ತಕ್ಕಷ್ಟು ದಪ್ಪ ವೈರ್ ಇದ್ದರೆ 10 ಆಂಪಿಯರ್ ತನಕ ತಾಳುತ್ತದೆ. ನನಗೆ ಬೇಕಿರುವುದು 4ಕ್ಕಿಂತ ಕಮ್ಮಿ. ಇಷ್ಟು ಬಿಡುವು ಇದ್ದರೆ ಕನೆಕ್ಟರ್ ಹೆಚ್ಚು ಬಿಸಿಯಾಗುವುದಿಲ್ಲ. ಇದಕ್ಕೆ ಲಾಕ್ ಇದೆ, ತಿರುಗಿಸಿ ಹಾಕಲು ಆಗುವುದಿಲ್ಲ. ಪವರ್‌ನ ವಿಷಯದಲ್ಲಿ ಈ ಎರಡು ಗುಣ ಇಲ್ಲದ ಕನೆಕ್ಟರ್ ನನಗೆ ಬೇಡ.

ವೈರ್‌ಗೂ ಇದೇ ಲೆಕ್ಕ. ಗೇಜ್ ಸಂಖ್ಯೆ ಜಾಸ್ತಿಯಾದಷ್ಟು ವೈರ್ ತೆಳು. 22 ಗೇಜ್ ವೈರ್‌ನ ತಡೆ ಮೀಟರ್‌ಗೆ ಸುಮಾರು 53 ಮಿಲಿಓಮ್. 18 ಗೇಜ್‌ನದು ಸುಮಾರು 21. ಅರ್ಧ ಮೀಟರ್ ದೂರ ಅಂದರೆ ಹೋಗಿ ಬರಲು ಒಂದು ಮೀಟರ್. 22 ಗೇಜ್‌ನಲ್ಲಿ ಅಲ್ಲೇ 0.2 ವೋಲ್ಟ್ ಕಳೆದುಹೋಗುತ್ತದೆ, 18ರಲ್ಲಿ 0.08. ಒಳ್ಳೆಯ ಕನೆಕ್ಟರ್ ಹಾಕಿ ತೆಳು ವೈರ್ ಎಳೆದರೆ ಏನು ಬಂತು? ನಾನು 18 ಗೇಜ್ ಹಾಕಿದೆ.

ಡೇಟಾಕ್ಕೆ ಆರಿಸಿದ್ದು ಜೆಎಸ್‌ಟಿ ಎಕ್ಸ್‌ಎಚ್, ಮೂರು ಪಿನ್. ಒಂದು ಎಚ್ಚರಿಕೆ: ಇದರ ಪಿನ್ ಅಂತರ 2.5 ಮಿ.ಮೀ., 2.54 ಅಲ್ಲ. ಮೂರು ಪಿನ್‌ನಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಹತ್ತು ಪಿನ್ ಆದರೆ 0.36 ಮಿ.ಮೀ. ತಪ್ಪಿ, ತೂತಿಗೆ ಕೂರುವುದಿಲ್ಲ. ಬೋರ್ಡ್‌ನ ನಕ್ಷೆ ಬಿಡಿಸುವಾಗ ಸರಿಯಾದ ಫುಟ್‌ಪ್ರಿಂಟ್ (ಕನೆಕ್ಟರ್ ಕೂರುವ ತೂತುಗಳ ವಿನ್ಯಾಸ) ಹಾಕಿ.

ಡೇಟಾಕ್ಕೆ ಒಂದೇ ವೈರ್ ಸಾಕಲ್ಲ, ಮೂರು ಯಾಕೆ? ಡಬ್ಲ್ಯೂಎಸ್2812ಬಿ ಡೇಟಾ 800 ಕಿಲೋಹರ್ಟ್ಸ್. ಆ ಸಿಗ್ನಲ್ ಹೋದ ಮೇಲೆ ವಾಪಸ್ ಬರಲು ಪಕ್ಕದಲ್ಲೇ ಗ್ರೌಂಡ್ ಬೇಕು. ಇಲ್ಲದಿದ್ದರೆ ಅದು ಪವರ್ ವೈರ್‌ಗಳ ದೂರದ ದಾರಿ ಸುತ್ತಿ ಬರಬೇಕು, ಗದ್ದಲ ಸೇರಿಕೊಳ್ಳುತ್ತದೆ. ನಾನು ಇಟ್ಟ ಕ್ರಮ ಗ್ರೌಂಡ್, ಡೇಟಾ, ಗ್ರೌಂಡ್. ಎಕ್ಸ್‌ಎಚ್ ತಿರುಗಿಸಿ ಕೂರುವುದಿಲ್ಲ. ಆದರೆ ಕೇಬಲ್ ಮಾಡುವಾಗ ವೈರ್‌ಗಳನ್ನು ಹಿಂದುಮುಂದು ಚುಚ್ಚಿಬಿಡುವುದು ಸುಲಭ. ಈ ಕ್ರಮದಲ್ಲಿ ಹಾಗಾದರೂ ಏನೂ ಕೆಡುವುದಿಲ್ಲ. ಪಕ್ಕದಲ್ಲಿ 5 ವೋಲ್ಟ್ ಇಲ್ಲದಿರುವುದರಿಂದ ಒಂದು ಎಳೆ ತಂತಿ ಹೊರಬಂದು ತಾಗಿದರೂ ಎಲ್‌ಇಡಿ ಸಾಯುವುದಿಲ್ಲ.

ಇದರಲ್ಲಿ ಒಂದು ತೊಡಕೂ ಇದೆ, ಅದನ್ನು ಹೇಳಲೇಬೇಕು. ಒಂದು ಬೋರ್ಡ್‌ನ ಪವರ್ ಗ್ರೌಂಡ್ ಸಡಿಲವಾದರೆ ಆ ಬೋರ್ಡ್‌ನ ಕರೆಂಟ್ ಪೂರ್ತಿ ಈ ಡೇಟಾ ಕೇಬಲ್‌ನ ಗ್ರೌಂಡ್‌ನಿಂದಲೇ ಹರಿಯಲು ಹೊರಡುತ್ತದೆ. ಫ್ಯೂಸ್ ಹೋಗುವುದಿಲ್ಲ, ಯಾಕೆಂದರೆ ಕರೆಂಟ್ ಜಾಸ್ತಿಯಾಗಿಲ್ಲ, ದಾರಿ ಬದಲಾಗಿದೆ ಅಷ್ಟೇ. ಎಕ್ಸ್‌ಎಚ್‌ನ ಒಂದು ಸಂಪರ್ಕ 22 ಗೇಜ್ ವೈರ್‌ಗೆ 3 ಆಂಪಿಯರ್ ತಾಳುತ್ತದೆ. ಎರಡೂ ಬದಿ ಕೇಬಲ್ ಇರುವ ಬೋರ್ಡ್‌ನಲ್ಲಿ ಅಂಥ ಗ್ರೌಂಡ್‌ಗಳು ನಾಲ್ಕು. ಸಾಲಿನ ಕೊನೆಯ ಬೋರ್ಡ್‌ಗೂ ಎರಡು ಸಿಗುತ್ತವೆ. ಎರಡು ಗ್ರೌಂಡ್ ಇಡಲು ನನಗೆ ಇದೂ ಒಂದು ಕಾರಣ. ತೆಳು ರಿಬ್ಬನ್ ವೈರ್‌ನಲ್ಲಿ ಒಂದೇ ಗ್ರೌಂಡ್ ಇಟ್ಟಿದ್ದರೆ ನನಗೆ ಧೈರ್ಯ ಇರುತ್ತಿರಲಿಲ್ಲ.

ಮೊದಲ ಬೋರ್ಡ್‌ಗೆ ಡೇಟಾ ಬರುವ ಜಾಗ ಬೇರೆ ತರಹ. ಅಲ್ಲಿ ಕಂಟ್ರೋಲರ್ 3.3 ವೋಲ್ಟ್‌ನದು. ಬಂದ ಡೇಟಾವನ್ನು ಎಲ್‌ಇಡಿ '1' ಅಂತ ಗುರುತಿಸಲು ಪವರ್ ವೋಲ್ಟೇಜ್‌ನ 0.7 ಭಾಗ, ಅಂದರೆ 3.5 ವೋಲ್ಟ್ ಬೇಕು. ಇದಕ್ಕೆ ಕನೆಕ್ಟರ್ ಬದಲಿಸಿ ಪ್ರಯೋಜನ ಇಲ್ಲ. ಸಿಗ್ನಲನ್ನು 5 ವೋಲ್ಟ್‌ಗೆ ಏರಿಸುವ 74ಎಎಚ್‌ಸಿಟಿ125 ಚಿಪ್ ಒಂದನ್ನು 5 ವೋಲ್ಟ್‌ನಲ್ಲಿ ನಡೆಸಿ ನಡುವೆ ಹಾಕಿದರೆ ಮುಗಿಯಿತು.

ಇನ್ನು ಬೋರ್ಡ್‌ಗಳನ್ನು ಹಿಡಿದು ನಿಲ್ಲಿಸುವ ಕೆಲಸ. ಅದನ್ನು ಅಲ್ಯೂಮಿನಿಯಂ ಪಟ್ಟಿಗೂ ಎಂ3 ಸ್ಕ್ರೂಗಳಿಗೂ ಕೊಟ್ಟೆ. ಎಲ್‌ಇಡಿಗಳ ನಡುವೆ 10 ಮಿ.ಮೀ. ಅಂತರ ಇಟ್ಟಿದ್ದೆ. ಬೋರ್ಡ್ ದಾಟುವಾಗಲೂ ಅದು 10 ಆಗಿಯೇ ಇರಬೇಕು, ಇಲ್ಲದಿದ್ದರೆ ಚಿತ್ರದ ಮಧ್ಯೆ ಗೆರೆ ಎಳೆದ ಹಾಗೆ ಕಾಣುತ್ತದೆ. ಬೋರ್ಡ್‌ನ ಅಳತೆಯನ್ನು 80ರ ಬದಲು 79.6 ಮಿ.ಮೀ. ಮಾಡಿದೆ. ಕತ್ತರಿಸುವಾಗ 0.2 ಮಿ.ಮೀ. ಆಚೀಚೆ ಆಗುವುದು ಸಾಮಾನ್ಯ, ಆ ಬಿಡುವು ಬೇಕು. ಗಟ್ಟಿ ಹೆಡರ್‌ಗಳಿಂದ ಜೋಡಿಸಿದ್ದರೆ ಈ ಸಣ್ಣ ವ್ಯತ್ಯಾಸಗಳೆಲ್ಲ ಬೆಸುಗೆಯ ಮೇಲೆ ಬೀಳುತ್ತಿದ್ದವು. ಬೋರ್ಡ್ ಬಿಸಿಯಾಗಿ ತಣ್ಣಗಾದಾಗಲೆಲ್ಲ ಆ ಬೆಸುಗೆಯೇ ಎಳೆತ ತಿನ್ನುತ್ತದೆ. ಗಿಡ್ಡ ಕೇಬಲ್ ಇದ್ದರೆ ಆ ತೊಂದರೆಯೇ ಇಲ್ಲ.

ಕನೆಕ್ಟರ್‌ಗಳೆಲ್ಲ ಬೋರ್ಡ್‌ನ ಹಿಂಬದಿಗೆ. ಪಿನ್‌ಗಳು ಮುಂಬದಿಗೆ ಚುಚ್ಚಿಕೊಂಡು ಬರುತ್ತವಲ್ಲ, ಅದಕ್ಕೊಂದು ಉಪಾಯ. ಎಲ್‌ಇಡಿಯ ಅಳತೆ 5 ಮಿ.ಮೀ., ಹಾಗಾಗಿ ಎರಡು ಸಾಲುಗಳ ನಡುವೆ 5 ಮಿ.ಮೀ. ಓಣಿ ಸಿಗುತ್ತದೆ. ಪಿನ್‌ಗಳನ್ನು ಆ ಓಣಿಯ ಉದ್ದಕ್ಕೆ ಇಟ್ಟು, ತುದಿ ಕತ್ತರಿಸಿದರೆ ಬೆಸುಗೆ ಎಲ್‌ಇಡಿಗಿಂತ ಎತ್ತರ ಬರುವುದಿಲ್ಲ. ಮೇಲ್ಮೈಗೆ ಬೆಸೆಯುವ ಕನೆಕ್ಟರ್ ಹಾಕಿದರೆ ಮುಂಬದಿ ಚೊಕ್ಕ ಇರುತ್ತದೆ ನಿಜ. ಆದರೆ ಕೇಬಲ್ ಜೋರಾಗಿ ಎಳೆದರೆ ತಾಮ್ರದ ಪಟ್ಟಿಯೇ ಕಿತ್ತು ಬರಬಹುದು. ಕೈಯಿಂದ ಎಳೆಯುವ ಕಡೆ ತೂತಿನ ಮೂಲಕ ಬೆಸೆಯುವುದೇ ನನಗೆ ಇಷ್ಟ.

ಪಿನ್ ಹೆಡರ್ ಕೆಟ್ಟದ್ದು ಅಂತ ಇದರ ಅರ್ಥ ಅಲ್ಲ. ಮ್ಯಾಕ್ಸ್7219 ಚಿಪ್‌ನ, ಒಂದೇ ಬಣ್ಣದ 8×8 ಎಲ್‌ಇಡಿ ಮಾಡ್ಯೂಲ್‌ಗಳಿಗೆ ಒಂದಕ್ಕೆ 0.33 ಆಂಪಿಯರ್ ಆಸುಪಾಸು ಸಾಕು. ಅಂಥ ನಾಲ್ಕೈದನ್ನು ಐದು ಪಿನ್ ಹೆಡರ್‌ನಿಂದಲೇ ಸೇರಿಸಬಹುದು. ಸಿದ್ಧವಾಗಿ ಸಿಗುವ ಹಬ್75 ಎಲ್‌ಇಡಿ ಪ್ಯಾನೆಲ್‌ಗಳನ್ನು ನೋಡಿ. ಡೇಟಾಕ್ಕೆ 16 ಪಿನ್ ರಿಬ್ಬನ್ ಕೇಬಲ್, ಪವರ್‌ಗೆ ಬೇರೆಯೇ ದಪ್ಪ ಕನೆಕ್ಟರ್. ಅಲ್ಲೂ ಕೆಲಸ ಹಂಚಿಟ್ಟಿದ್ದಾರೆ.

ಕ್ರಿಂಪ್ ಬಗ್ಗೆ, ಅಂದರೆ ವೈರ್‌ನ ತುದಿಗೆ ಲೋಹದ ಟರ್ಮಿನಲ್ ಅದುಮಿ ಕೂರಿಸುವುದರ ಬಗ್ಗೆ, ಒಂದೆರಡು ಮಾತು. ಟರ್ಮಿನಲ್‌ನಲ್ಲಿ ಎರಡು ಜೊತೆ ರೆಕ್ಕೆ ಇರುತ್ತವೆ. ಒಂದು ತಾಮ್ರ ಹಿಡಿಯಲು, ಇನ್ನೊಂದು ವೈರ್‌ನ ಹೊದಿಕೆ ಹಿಡಿಯಲು. ಎರಡೂ ತಮ್ಮ ತಮ್ಮ ಜಾಗದಲ್ಲಿ ಮಡಿಯಬೇಕು. ಸುಮ್ನೆ ಇಕ್ಕಳದಲ್ಲಿ ಅದುಮಿ ಮೇಲೆ ಬೆಸುಗೆ ಹಾಕಬೇಡಿ. ಬೆಸುಗೆ ವೈರ್ ಒಳಗೆ ಹರಿದು ಅದನ್ನು ಗಡುಸು ಮಾಡುತ್ತದೆ. ಆಮೇಲೆ ಅಲ್ಲಾಡಿದಾಗ ಅದೇ ಜಾಗದಲ್ಲಿ ಮುರಿಯುತ್ತದೆ. ಸರಿಯಾದ ಕ್ರಿಂಪ್ ಉಪಕರಣಕ್ಕೆ ಹಣ ಹಾಕುವುದು ದುಬಾರಿ ಕನೆಕ್ಟರ್‌ಗೆ ಹಾಕುವುದಕ್ಕಿಂತ ಮೇಲು. ಇನ್ನೊಂದು, ಚಿನ್ನದ ಲೇಪದ ಪಿನ್‌ಗೆ ತವರದ ಲೇಪದ ಟರ್ಮಿನಲ್ ಹಾಕಬೇಡಿ. ಎರಡೂ ಕಡೆ ಒಂದೇ ಲೇಪ ಇರಲಿ.

ಎಲ್ಲ ಜೋಡಿಸಿದ ಮೇಲೆ ನಾನು ಮಾಡುವ ಪರೀಕ್ಷೆ ಇದು. ಪರದೆ ಪೂರ್ತಿ ಬಿಳಿ ಮಾಡುತ್ತೇನೆ. ಮಲ್ಟಿಮೀಟರನ್ನು ಮಿಲಿವೋಲ್ಟ್‌ಗೆ ಇಟ್ಟು, ಒಂದು ಮೊನೆಯನ್ನು ಕನೆಕ್ಟರ್‌ನ ಹಿಂದಿನಿಂದ ಕ್ರಿಂಪ್‌ಗೆ, ಇನ್ನೊಂದನ್ನು ಬೋರ್ಡ್‌ನ ಬೆಸುಗೆಗೆ ತಾಗಿಸುತ್ತೇನೆ. 10 ಮಿಲಿಓಮ್ ಇದ್ದರೆ 38 ಮಿಲಿವೋಲ್ಟ್ ಬರಬೇಕು. ಸಂಖ್ಯೆಗಿಂತ ಮುಖ್ಯ ಹೋಲಿಕೆ. ಎಂಟು ಬೋರ್ಡ್‌ಗಳ ಪ್ಲಸ್, ಎಂಟರ ಗ್ರೌಂಡ್, ಎಲ್ಲವೂ ಆಸುಪಾಸಿನಲ್ಲಿ ಇರಬೇಕು. ಒಂದು ಮಾತ್ರ ಉಳಿದವಕ್ಕಿಂತ ಎರಡು ಪಟ್ಟು ತೋರಿಸಿದರೆ ಆ ಟರ್ಮಿನಲ್ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿ. ಅರ್ಧ ಗಂಟೆ ಬಿಳಿಯಾಗಿಯೇ ಉರಿಯಲು ಬಿಟ್ಟು ಇನ್ನೊಮ್ಮೆ ಅಳೆಯಿರಿ. ಬಿಸಿಯಾದಂತೆ ಏರುತ್ತಾ ಹೋಗುವ ಜೋಡಣೆ ಯಾವುದಾದರೂ ಇದ್ದರೆ ಈ ಸಲ ಸಿಕ್ಕಿಬೀಳುತ್ತದೆ.