ಜೇಡ ಕಡಜ: ಬಣ್ಣ ಬಿಡಿ, ನಡಿಗೆ ನೋಡಿ

ಮರಿಯ ಆಹಾರಕ್ಕೆಂದು ಜೇಡವನ್ನು ಕುಟುಕಿ ಗೂಡಿಗೊಯ್ಯುವ ಜೇಡ ಕಡಜವನ್ನು ಗುರುತಿಸಲು ಬಣ್ಣ ನಂಬಿ ಹೊರಟರೆ ಮೊದಲಿಗೇ ಎಡವುತ್ತೇವೆ. ಕಪ್ಪು ಮೈ, ಕಿತ್ತಳೆ ರೆಕ್ಕೆ ಬೇರೆ ಕಡಜಗಳಿಗೂ ಉಂಟು. ನಾನು ಮೊದಲು ನೋಡುವುದು ನಡಿಗೆಯನ್ನು. ಬೇಟೆಗೆ ಹೊರಟ ಹೆಣ್ಣು ಹಾರುವುದಕ್ಕಿಂತ ನೆಲದಲ್ಲಿ ಓಡುವುದೇ ಹೆಚ್ಚು: ನಾಲ್ಕು ಹೆಜ್ಜೆ ಓಟ, ತಟ್ಟನೆ ನಿಲುಗಡೆ, ರೆಕ್ಕೆ ಕೊಡವಿ ಕುಡಿಮೀಸೆಯಿಂದ ಮಣ್ಣು ತಡವಿ ಮತ್ತೆ ಓಟ. ಬಿಸಿಲು ಬಿದ್ದ ಸಡಿಲ ಮಣ್ಣಿನಲ್ಲಿ ಹುಡುಕಬೇಕು. ಮೋಡ ಕವಿದರೆ ಕಾದದ್ದು ದಂಡ.

ಆಮೇಲೆ ಹಿಂಗಾಲು. ಉದ್ದ, ಮುಳ್ಳುಮುಳ್ಳು; ಮಡಿಸಿದಾಗ ಮಂಡಿ ಸುಮಾರಾಗಿ ಹೊಟ್ಟೆಯ ತುದಿ ಮುಟ್ಟುತ್ತದೆ. ಖಚಿತ ಗುರುತು ಮಾತ್ರ ಎದೆಯ ಪಕ್ಕದಲ್ಲಿದೆ: ಮಧ್ಯ ಎದೆಯ ಫಲಕವನ್ನು ಎರಡಾಗಿ ಸೀಳಿದಂತೆ ಓರೆಯಾಗಿ ಹಾಯುವ ಒಂದು ನೇರ ಗೀರು. ಜೇಡ ಕಡಜಗಳ ಕುಟುಂಬವಾದ ಪಾಂಪಿಲಿಡೆಯ ಮುದ್ರೆ ಅದು. ಮೇಲಿನಿಂದ ತೆಗೆದ ಫೋಟೋದಲ್ಲಿ ಕಾಣುವುದಿಲ್ಲ. ಕ್ಯಾಮೆರಾ ನೆಲಕ್ಕಿಳಿಸಿ ಪಕ್ಕದಿಂದಲೇ ತೆಗೆಯಬೇಕು. 100 ಎಂಎಂ ಮ್ಯಾಕ್ರೋ, ಶಟರ್ 1/1000, ಅಪರ್ಚರ್ ಎಫ್ 8ರ ಆಸುಪಾಸು ನನಗೆ ಒಗ್ಗಿದೆ. ಶಟರ್ ನಿಧಾನವಾದರೆ ರೆಕ್ಕೆಯ ನರಗಳು ಕದಡಿಹೋಗುತ್ತವೆ. ಕುಲ (ಜೀನಸ್) ಹೇಳಲು ಅವೂ ಬೇಕು.

ಹೆಚ್ಚು ಮೋಸ ಮಾಡುವುದು ಜೇಡವನ್ನೇ ಹಿಡಿಯುವ ಕುಂಬಾರ ಹುಳು. ಅದರ ಸೊಂಟ ದಾರದಂತೆ; ಬೇಟೆಯನ್ನು ಹಾರಿಕೊಂಡೇ ಒಯ್ದು ಗೂಡಿನ ಒಂದೊಂದು ಕೋಣೆಗೂ ಹಲವು ಜೇಡ ತುಂಬುತ್ತದೆ. ಜೇಡ ಕಡಜದ್ದು ಒಂದು ಕೋಣೆಗೆ ಒಂದೇ ಜೇಡ. ಬಹುಪಾಲು ಜಾತಿಗಳು ಅದನ್ನು ಹಿಮ್ಮುಖವಾಗಿ ಎಳೆಯುತ್ತವೆ. ಅವುಗಳಲ್ಲೇ ಆಪ್ಲೋಪಸ್ ಬಳಗದವು ಜೇಡದ ಕಾಲು ಕತ್ತರಿಸಿ ಹಗುರ ಮಾಡಿಕೊಂಡು ಮುಮ್ಮುಖವಾಗಿ ನಡೆಯುತ್ತವೆ.

ಕಡಜದ ಬೆನ್ನು ಹತ್ತುವುದು ಶುದ್ಧ ತಪ್ಪು. ಎಷ್ಟೋ ಸಲ ಅದು ಜೇಡವನ್ನು ಗಿಡದ ಕವಲಿನಲ್ಲಿಟ್ಟು ಗೂಡು ತೋಡಲು ಹೋಗುತ್ತದೆ. ಇರುವೆಗಳ ಕೈಗೆ ಸಿಗದಿರಲಿ ಎಂಬ ಉಪಾಯವಿದು. ಜೇಡದಿಂದ ಎರಡು ಮೀಟರ್ ದೂರ, ನೆರಳು ಬೀಳದ ಕಡೆ ಕೂತರೆ ಅದೇ ವಾಪಸು ಬರುತ್ತದೆ. ಅಷ್ಟರಲ್ಲಿ ಇನ್ನೊಂದು ಸಣ್ಣ ಕಡಜ ಬಂದು ಜೇಡದ ಹೊಟ್ಟೆಯಡಿ ತಡಕಾಡಿದರೆ ಬಿಡಬೇಡಿ: ಅದು ಸೆರೋಪೇಲಿಸ್ ಇರಬಹುದು, ಜೇಡದ ಶ್ವಾಸಕೋಶದ ಸೀಳಿನಲ್ಲಿ ಕದ್ದು ಮೊಟ್ಟೆಯಿಡುವ ಕಳ್ಳಿ.

ಹೆಣ್ಣಿನ ಕೊಂಡಿ ಭಯಂಕರ; ಬರಿಗೈ ಹಾಕಬೇಡಿ.

ಫೋಟೋದಿಂದ ಜಾತಿಯವರೆಗೆ ಹೋಗುವುದು ಅಪರೂಪ. ನಾನು ಕುಟುಂಬದ ಹೆಸರು ಬರೆದು ಅಲ್ಲಿಗೇ ನಿಲ್ಲಿಸುತ್ತೇನೆ. ಜೇಡದ ಫೋಟೋವನ್ನು ಮಾತ್ರ ಮರೆಯುವುದಿಲ್ಲ: ಮುಖದ ಎದುರಿನಿಂದ ಒಂದು, ಕಣ್ಣುಗಳ ಜೋಡಣೆ ಕಾಣುವಂತೆ, ಬೆನ್ನಿನ ಕಡೆಯಿಂದ ಒಂದು, ಎಷ್ಟು ಕಾಲು ಉಳಿದಿವೆ ಎಂದು ಎಣಿಸಲು. ಗೂಡಿನ ಬಾಯಿಗೆ ಮಣ್ಣು ಮೆತ್ತಿದ ಮೇಲೆ ಅದು ಸಿಗುವುದಿಲ್ಲ.